ಕುದುರೆಮುಖ ಹಾದಿ: ಹುಲ್ಲುಗಾವಲಿನ ನಡುವೆ ಒಂದು ದಿನದ ಪಯಣ

ಕಾರ್ಕಳದಿಂದ ಪೂರ್ವಕ್ಕೆ ಹೊರಟ ರಸ್ತೆ ಬಜಗೋಳಿ, ಮಾಳ ದಾಟಿ ಘಟ್ಟವೇರುತ್ತಿದ್ದಂತೆ ದಟ್ಟಡವಿಯೊಳಗೆ ಮರೆಯಾಗುತ್ತದೆ. ಶೃಂಗೇರಿಯ ದಾರಿ ಬಂದು ಕೂಡುವ ಎಸ್.ಕೆ. ಬಾರ್ಡರ್‌ನಿಂದ ಕುದುರೆಮುಖದತ್ತ ತಿರುಗಿದರೆ ಕೆಲಹೊತ್ತಿನಲ್ಲೇ ಮರಗಳು ಹಿಂದೆ ಸರಿದು, ಕಣ್ಣು ಹಾಯುವಷ್ಟು ದೂರ ಹುಲ್ಲು ಹೊದ್ದ ಬೆಟ್ಟಗಳು ತೆರೆದುಕೊಳ್ಳುತ್ತವೆ. ರಾಜ್ಯದ ಅತಿ ಸುಂದರ ಘಟ್ಟದ ದಾರಿಗಳಲ್ಲಿ ಇದೂ ಒಂದು. ಆದರೆ ಇಲ್ಲಿ ಕಿಲೋಮೀಟರ್ ಲೆಕ್ಕಕ್ಕಿಂತ ಗಡಿಯಾರದ ಲೆಕ್ಕವೇ ಮುಖ್ಯ.

ಬೋಳುಗುಡ್ಡವಲ್ಲ, ನೀರಿನ ಕಣಜ

ಈ ಬೆಟ್ಟಗಳನ್ನು ಕಂಡವರು ಕಾಡು ಕಡಿದು ಬೋಳಾದ ನೆಲವೆಂದು ಭಾವಿಸುವುದುಂಟು. ಅದು ತಪ್ಪು. ಎತ್ತರದ ಇಳಿಜಾರಿನಲ್ಲಿ ಹುಲ್ಲು, ಗಾಳಿಯ ಹೊಡೆತ ತಪ್ಪಿದ ಕಣಿವೆಗಳಲ್ಲಿ ಶೋಲಾ ಕಾಡು. ಇದು ಪಶ್ಚಿಮ ಘಟ್ಟದ ಸಹಜ ವಿನ್ಯಾಸ. ಮಳೆಗಾಲದ ನೀರನ್ನು ಹಿಡಿದಿಟ್ಟು ಬೇಸಿಗೆಯವರೆಗೆ ತೊರೆಗಳಿಗೆ ಉಣಿಸುವುದು ಇವೆರಡೇ. ಹಾದಿಯ ಸಮೀಪದ ಗಂಗಾಮೂಲದಲ್ಲಿ ತುಂಗಾ, ಭದ್ರಾ, ನೇತ್ರಾವತಿ ನದಿಗಳು ಹುಟ್ಟುತ್ತವೆ. ಮೊದಲೆರಡು ಕೂಡ್ಲಿಯಲ್ಲಿ ಸಂಗಮಿಸಿ ಬಂಗಾಳ ಕೊಲ್ಲಿಯ ದಿಕ್ಕು ಹಿಡಿದರೆ, ನೇತ್ರಾವತಿ ಮಂಗಳೂರಿನಲ್ಲಿ ಅರಬ್ಬಿ ಸಮುದ್ರ ಸೇರುತ್ತದೆ.

ಇದೇ ಬೆಟ್ಟದೊಡಲಲ್ಲಿ ದಶಕಗಳ ಕಾಲ ಕಬ್ಬಿಣದ ಅದಿರಿನ ಗಣಿಗಾರಿಕೆ ನಡೆಯಿತು. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಅದು ನಿಂತಿತು. ಗಣಿಯ ಹೂಳು ತಡೆಯಲು ಕಟ್ಟಿದ ಲಕ್ಯಾ ಅಣೆಕಟ್ಟು ಆ ದಿನಗಳ ಗುರುತಾಗಿ ಉಳಿದಿದೆ.

ದಿನದ ಯೋಜನೆ

ಅಕ್ಟೋಬರ್‌ನಿಂದ ಜನವರಿಯವರೆಗಿನ ಅವಧಿ ಪ್ರಶಸ್ತ. ಆಗ ಹುಲ್ಲು ಇನ್ನೂ ಹಸಿರಾಗಿದ್ದು, ಮಂಜು ಬೇಗ ಕರಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಲಪಾತಗಳು ತುಂಬಿದ್ದರೂ ಮಂಜು, ಭೂಕುಸಿತ, ಉರುಳುವ ಮರಗಳ ಅಪಾಯವಿದೆ.

ಬೆಳಗ್ಗೆ ಬೇಗ ಕಾರ್ಕಳ ಬಿಡುವುದು ಲೇಸು. ಹನುಮನಗುಂಡಿ ಹಾಗೂ ರಸ್ತೆಯಂಚಿನ ಕಡಾಂಬಿ ಜಲಪಾತ ನೋಡಿಕೊಂಡು ಕುದುರೆಮುಖ ಪಟ್ಟಣ ದಾಟಿದರೆ, ಮಧ್ಯಾಹ್ನದ ವೇಳೆಗೆ ಭದ್ರಾ ತೀರದ ಕಳಸ ತಲುಪಬಹುದು. ಹೊರನಾಡು ಅಲ್ಲಿಗೆ ಸಮೀಪ. ಬಂದ ದಾರಿಯಲ್ಲೇ ಮರಳಲು ಒಲ್ಲದವರು ಕೊಟ್ಟಿಗೆಹಾರದಲ್ಲಿ ನೀರುದೋಸೆ ಸವಿದು ಚಾರ್ಮಾಡಿ ಘಾಟಿಯ ಮೂಲಕ ಉಜಿರೆಗೆ ಇಳಿಯಬಹುದು. 2019ರ ಆಗಸ್ಟ್‌ನಲ್ಲಿ ಭೂಕುಸಿತದಿಂದ ಚಾರ್ಮಾಡಿ ಸಂಚಾರ ಸ್ಥಗಿತಗೊಂಡಿತ್ತು. ಆದ್ದರಿಂದ ಮಳೆಗಾಲದಲ್ಲಿ ರಸ್ತೆಯ ಸ್ಥಿತಿ ವಿಚಾರಿಸಿಯೇ ಹೊರಡಬೇಕು. ಯಾವ ದಾರಿಯಾದರೂ ಕತ್ತಲಾಗುವ ಮೊದಲೇ ಘಟ್ಟ ಇಳಿದಿರಬೇಕು.

ಪಾಲಿಸಬೇಕಾದ ನಿಯಮ

ರಸ್ತೆಯ ಬಹುಭಾಗ 1987ರಲ್ಲಿ ಘೋಷಿತವಾದ ರಾಷ್ಟ್ರೀಯ ಉದ್ಯಾನದೊಳಗಿದೆ. ತನಿಖಾ ಠಾಣೆಯಲ್ಲಿ ಪ್ರವೇಶದ ಸಮಯ ನಮೂದಿಸಿದ ಚೀಟಿ ನೀಡಲಾಗುತ್ತದೆ. ನಿಗದಿತ ಅವಧಿಯೊಳಗೆ ಇನ್ನೊಂದು ಠಾಣೆ ದಾಟಬೇಕು. ಕಂಡಲ್ಲೆಲ್ಲ ವಾಹನ ನಿಲ್ಲಿಸುವಂತಿಲ್ಲ. ಸುಮಾರು 1,890 ಮೀಟರ್ ಎತ್ತರದ ಕುದುರೆಮುಖ ಶಿಖರದ ಚಾರಣಕ್ಕೆ ಅರಣ್ಯ ಇಲಾಖೆಯ ಪ್ರತ್ಯೇಕ ಅನುಮತಿ ಬೇಕು. ಅದನ್ನು ಈ ಪ್ರವಾಸಕ್ಕೆ ಜೋಡಿಸುವುದು ಸಲ್ಲದು.

ಇಂಧನವನ್ನು ಕಾರ್ಕಳದಲ್ಲೇ ತುಂಬಿಸಿಕೊಳ್ಳಬೇಕು. ಕಾಡಿನ ನಡುವೆ ಮೊಬೈಲ್ ಸಂಪರ್ಕ ನೆಚ್ಚುವಂತಿಲ್ಲ. ಇಳಿಜಾರಿನಲ್ಲಿ ಕೆಳಗಿನ ಗೇರ್ ಬಳಸಿದರೆ ಬ್ರೇಕ್ ಕಾಯುವುದಿಲ್ಲ; ಏರುವ ವಾಹನಕ್ಕೆ ದಾರಿ ಬಿಡುವುದು ಘಟ್ಟದ ಪದ್ಧತಿ.

ಮಂಗಗಳಿಗೆ ತಿಂಡಿ ಎಸೆದರೆ ಅವು ಕಾಡು ಬಿಟ್ಟು ರಸ್ತೆಗೆ ಬಂದು ಚಕ್ರಕ್ಕೆ ಸಿಲುಕುತ್ತವೆ. ಬೇಸಿಗೆಯಲ್ಲಿ ಎಸೆದ ಒಂದು ಬೀಡಿಯ ತುಂಡು ಇಡೀ ಗುಡ್ಡವನ್ನು ಸುಡಬಲ್ಲದು. ಸುಟ್ಟ ಗುಡ್ಡದ ಮಣ್ಣು ಮುಂದಿನ ಮಳೆಗೆ ಕೊಚ್ಚಿ ಹೋದರೆ, ಅದರ ಬೆಲೆ ತೆರುವವರು ಘಟ್ಟದ ಕೆಳಗೂ ಮೇಲೂ ಈ ಮೂರು ನದಿಗಳ ನೀರು ಕುಡಿಯುವ ಜನರೇ.