ರಿಕರ್ವ್ ಬಿಲ್ಲಿನ ಲಿಂಬ್ ತಿರುಚಿದೆಯೇ? ಬಿಸಾಡುವ ಮೊದಲು ಇದನ್ನು ತಿಳಿದುಕೊಳ್ಳಿ

ಕೂಡಿಟ್ಟ ಹಣದಲ್ಲಿ ಸೆಕೆಂಡ್ ಹ್ಯಾಂಡ್ ರಿಕರ್ವ್ ಬಿಲ್ಲು ತಂದು, ಹೆದೆ ಏರಿಸಿ ನೋಡಿದಾಗ ಅದು ಒಂದು ಬದಿಗೆ ವಾಲಿದ್ದರೆ ಯಾರಿಗಾದರೂ ಬೇಸರವಾಗುತ್ತದೆ. ತಿರುಚು ಸ್ವಲ್ಪವೇ ಇದ್ದರೆ ಎಷ್ಟೋ ಸಲ ಸರಿಪಡಿಸಬಹುದು. ಆದರೆ ಹಾಗೇ ಎಳೆದು ಬಾಣ ಬಿಡುವುದು ಬೇಡವೇ ಬೇಡ. ಹೆದೆ ತುದಿಯಿಂದ ಜಾರಿದರೆ ಬಿಲ್ಲು ಮುರಿಯಬಹುದು, ಕಣ್ಣಿಗೂ ಪೆಟ್ಟಾಗಬಹುದು.

ತಿರುಚುವುದು ಯಾಕೆ?

ಕೈಯಲ್ಲಿ ಹಿಡಿಯುವ ನಡುಭಾಗಕ್ಕೆ ರೈಸರ್ ಎನ್ನುತ್ತಾರೆ. ಅದರ ಮೇಲೆ, ಕೆಳಗೆ ಬಾಗುವ ಎರಡು ಪಟ್ಟಿಗಳೇ ಲಿಂಬ್. ರಿಕರ್ವ್‌ನಲ್ಲಿ ಇವುಗಳ ತುದಿ ಗುರಿಯ ಕಡೆಗೆ ಹೊರಳಿರುತ್ತದೆ. ತೆಳುವಾದ ಈ ತುದಿಗೆ ಪಕ್ಕದಿಂದ ಒತ್ತಡ ಬಿದ್ದರೆ ತಡೆಯುವುದು ಕಷ್ಟ. ಬಿಲ್ಲನ್ನು ಕಾಲುಗಳ ನಡುವೆ ಸಿಕ್ಕಿಸಿ ಹೆದೆ ಏರಿಸುವುದು, ಗೋಡೆಗೆ ಒರಗಿಸಿಡುವುದು, ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡುವುದು, ಇವೇ ಸಾಮಾನ್ಯ ಕಾರಣಗಳು.

ಮೊದಲು ಪರೀಕ್ಷೆ

ಹೆದೆಯ ಕುಣಿಕೆ ಎರಡೂ ತುದಿಗಳ ಕಚ್ಚಿನಲ್ಲಿ ಸರಿಯಾಗಿ ಕೂತಿದೆಯೇ ನೋಡಿ. ಕೆಲವೊಮ್ಮೆ ತಪ್ಪು ಇರುವುದು ಅಲ್ಲೇ. ನಂತರ ಹೆದೆಯ ಕಡೆಯಿಂದ ಬಿಲ್ಲನ್ನು ಉದ್ದಕ್ಕೆ ನೋಡಿ. ಹೆದೆ ಎರಡೂ ಲಿಂಬ್‌ಗಳ ನಡುಮಧ್ಯದಲ್ಲಿ ಹಾದುಹೋಗಬೇಕು. ಬಿಚ್ಚಿ ಜೋಡಿಸುವ ಬಿಲ್ಲಾದರೆ, ಹೆದೆ ಇಳಿಸಿ ಮೇಲಿನ ಲಿಂಬನ್ನು ಕೆಳಗೆ, ಕೆಳಗಿನದನ್ನು ಮೇಲೆ ಹಾಕಿ ಪುನಃ ನೋಡಿ. ದೋಷ ಲಿಂಬ್ ಜೊತೆಗೇ ಹೋದರೆ ಲಿಂಬ್ ತಿರುಚಿದೆ. ಇದ್ದ ಜಾಗದಲ್ಲೇ ಉಳಿದರೆ ರೈಸರ್ ಅಥವಾ ಜೋಡಣೆಯ ಸಮಸ್ಯೆ. ಇದು ನೋಡಲಿಕ್ಕೆ ಮಾತ್ರ, ಹೀಗೆ ಜೋಡಿಸಿ ಬಾಣ ಬಿಡಬಾರದು.

ಲಿಂಬಿನ ಅಂಚಿನ ಮೇಲೆ ಹತ್ತಿಯ ಉಂಡೆ ಸವರಿ. ಎಳೆ ಸಿಕ್ಕಿಕೊಂಡ ಜಾಗವನ್ನು ಸರಿಯಾಗಿ ನೋಡಿ. ಬಿರುಕು ಅಥವಾ ಪದರ ಬಿಟ್ಟದ್ದು ಕಂಡರೆ ರಿಪೇರಿಗೆ ಕೈ ಹಾಕ್ಬೇಡಿ.

ಸರಿಪಡಿಸುವ ವಿಧಾನ

ಮರ ಮತ್ತು ಫೈಬರ್ ಗ್ಲಾಸ್ ಲಿಂಬ್‌ಗಳಿಗೆ ಇದು ಹೊಂದುತ್ತದೆ. ಕಣ್ಣಿಗೆ ರಕ್ಷಣೆಯ ಕನ್ನಡಕ ಹಾಕಿ, ಸ್ಟ್ರಿಂಗರ್ ಬಳಸಿ ಹೆದೆ ಏರಿಸಿ. ತುದಿಯ ಹತ್ತಿರ ಲಿಂಬನ್ನು ಅಂಗೈಯಲ್ಲಿ ಹಿಡಿದು, ತಿರುಚಿದ ದಿಕ್ಕಿಗೆ ವಿರುದ್ಧವಾಗಿ, ನಡುವನ್ನು ಸ್ವಲ್ಪ ದಾಟುವಷ್ಟು ನಿಧಾನಕ್ಕೆ ತಿರುಗಿಸಿ. ಅರ್ಧ ನಿಮಿಷ ಹಿಡಿದು ಬಿಡಿ. ಕೆಲವು ಸಲ ಹೀಗೆ ಮಾಡಿ, ಹೆದೆ ಇಳಿಸದೆ ಕೆಲವು ಗಂಟೆ ಇಟ್ಟು ಪುನಃ ಪರೀಕ್ಷಿಸಿ. ಒಂದೇ ದಿನಕ್ಕೆ ಸರಿಯಾಗಬೇಕೆಂದಿಲ್ಲ, ಮರುದಿನ ಮತ್ತೆ ಮಾಡಬಹುದು.

ಜಗ್ಗದಿದ್ದರೆ ಹೇರ್ ಡ್ರೈಯರ್‌ನಿಂದ ಸ್ವಲ್ಪ ಬೆಚ್ಚಗೆ ಮಾಡುವವರಿದ್ದಾರೆ. ಕೈ ಇಟ್ಟರೆ ಸುಡದಷ್ಟು ಶಾಖ ಸಾಕು. ಜಾಸ್ತಿಯಾದರೆ ಪದರಗಳ ಅಂಟು ಬಿಟ್ಟುಹೋಗುತ್ತದೆ.

ಯಾವಾಗ ಕೈ ಬಿಡಬೇಕು?

ಕಾರ್ಬನ್ ಲಿಂಬ್‌ಗಳ ಮೇಲೆ ಈ ಪ್ರಯೋಗ ಬೇಡ, ತಿಳಿದ ಕೋಚ್‌ಗೆ ತೋರಿಸಿ. ಹೆದೆ ತುದಿಯ ಕಚ್ಚಿನಲ್ಲಿ ನಿಲ್ಲದಷ್ಟು ತಿರುಚಿದ್ದರೆ ಅಥವಾ ಸರಿಪಡಿಸಿದ್ದು ಮತ್ತೆ ಮತ್ತೆ ಮರಳಿದರೆ ಲಿಂಬ್ ಬದಲಿಸುವುದೇ ಸರಿ. ಬಿಚ್ಚಿ ಜೋಡಿಸುವ ಬಿಲ್ಲಿಗೆ ಲಿಂಬ್ ಜೋಡಿ ಮಾತ್ರ ಕೊಂಡರೆ ಸಾಕು, ರೈಸರ್ ಉಳಿಯುತ್ತದೆ.

ಸರಿಯಾದ ಬಿಲ್ಲು ಮತ್ತೆ ತಿರುಚದಿರಲು ಪ್ರತಿಸಲ ಸ್ಟ್ರಿಂಗರ್ ಬಳಸಿ. ಅಭ್ಯಾಸ ಮುಗಿದ ಮೇಲೆ ಹೆದೆ ಇಳಿಸಿ, ಬಿಲ್ಲನ್ನು ತಂಪಾದ ಜಾಗದಲ್ಲಿ ಮಲಗಿಸಿಡಿ. ಸ್ಟ್ರಿಂಗರ್‌ಗೆ ಆಗುವ ಖರ್ಚು ಹೊಸ ಲಿಂಬಿನ ಬೆಲೆಯ ಮುಂದೆ ಏನೂ ಅಲ್ಲ.