ಕರಿಬೇವಿಗೆ ಬಂದ ಚಿಟ್ಟೆ

ಹಿತ್ತಲ ಕರಿಬೇವಿನ ಗಿಡದ ಸುತ್ತ ಕಪ್ಪು ರೆಕ್ಕೆ, ಹಳದಿ ಮಚ್ಚೆಯ ಚಿಟ್ಟೆ ಸುಳಿದಾಡ್ತಿದೆಯಾ? ಗಿಡದಲ್ಲಿ ಒಂದೂ ಹೂವಿಲ್ಲ. ಮತ್ಯಾಕೆ ಬಂತು? ಮೊಟ್ಟೆ ಇಡೋಕೆ.

ಇದು ನಿಂಬೆ ಚಿಟ್ಟೆ. ನಿಂಬೆ, ಕಿತ್ತಳೆ, ಬಿಲ್ವ, ಕರಿಬೇವು ಎಲ್ಲ ಒಂದೇ ಸಸ್ಯಕುಟುಂಬ. ಇದರ ಮರಿಹುಳಕ್ಕೆ ಮುಖ್ಯವಾಗಿ ಈ ಕುಟುಂಬದ ಎಲೆಗಳೇ ಊಟ. ಮೊಟ್ಟೆಯೊಡೆದು ಬಂದ ಪುಟಾಣಿಗೆ ಬೇರೆ ಗಿಡ ಹುಡುಕಿ ಹೋಗೋ ತ್ರಾಣ ಎಲ್ಲಿದೆ? ಅಮ್ಮ ಗಿಡ ತಪ್ಪಿದ್ರೆ ಮಗು ಉಪವಾಸ.

ಅದಕ್ಕೇ ಈ ಪರೀಕ್ಷೆ. ಗಮನವಿಟ್ಟು ನೋಡಿ: ಎಲೆ ಮೇಲೆ ಕೂತು ಮುಂಗಾಲಿನಿಂದ ಪಟಪಟ ಬಡಿಯುತ್ತೆ. ರುಚಿ ನೋಡ್ತಿದೆ, ಕಾಲಲ್ಲಿ! ಪಾದದ ಸಣ್ಣ ರೋಮಗಳು ಎಲೆಯ ರಾಸಾಯನಿಕ ಗುರುತಿಸುತ್ತವೆ. ಇದರ ಹತ್ತಿರದ ನೆಂಟ ಚಿಟ್ಟೆಯೊಂದರಲ್ಲಿ, ಕಿತ್ತಳೆ ಜಾತಿಯ ಎಲೆಯಲ್ಲಿರುವ ಸಿನೆಫ್ರಿನ್ ಅನ್ನೋ ವಸ್ತುವನ್ನು ಗುರುತಿಸೋ ರುಚಿಗ್ರಾಹಕವನ್ನು ಜಪಾನಿನ ವಿಜ್ಞಾನಿಗಳು 2011ರಲ್ಲಿ ಪತ್ತೆಹಚ್ಚಿದ್ರು. ಆ ಗ್ರಾಹಕದ ಜೀನ್ ಅಡಗಿಸಿದಾಗ ಸಿನೆಫ್ರಿನ್ ಮುಟ್ಟಿದರೂ ಮೊಟ್ಟೆ ಇಡೋ ಹುಮ್ಮಸ್ಸು ಕುಗ್ಗಿತ್ತು.

ರುಚಿ ಒಪ್ಪಿದ್ರೆ ಹೊಟ್ಟೆ ಬಾಗಿಸಿ, ಎಳೆ ಚಿಗುರಿಗೆ ಒಂದೇ ಒಂದು ಮೊಟ್ಟೆ ಅಂಟಿಸುತ್ತೆ. ಆಮೇಲೆ ಇನ್ನೊಂದು ಚಿಗುರು. ಕೆಲವೇ ದಿನಗಳಲ್ಲಿ ಹೊರಬರೋ ಮರಿ ಥೇಟ್ ಹಕ್ಕಿ ಹಿಕ್ಕೆ! ಒಗ್ಗರಣೆಗೆ ಎಲೆ ಕೀಳುವಾಗ ಸ್ವಲ್ಪ ನೋಡ್ಕೊಂಡು ಕೀಳಿ.