ಮಗ್ಗಕ್ಕೆ ಸಾಲ ಸಿಗುತ್ತದೆ, ನೂಲಿಗೆ?

ಬಾಗಲಕೋಟೆ ಜಿಲ್ಲೆಯ ಸಣ್ಣ ಉತ್ಪಾದಕರಿಗೆ ಇರುವ ಬೆಂಬಲ ಎಂಥದ್ದು, ಅದು ಎಲ್ಲಿಯವರೆಗೆ ಬರುತ್ತದೆ?

ಇಳಕಲ್ ಸೀರೆಯ ಒಡಲಿಗೂ ಸೆರಗಿಗೂ ಹಾಸು ಬೇರೆ ಬೇರೆ. ಸಾಂಪ್ರದಾಯಿಕ ಸೀರೆಯಲ್ಲಿ ಒಡಲಿನ ಹಾಸು ಹತ್ತಿಯದು, ಸೆರಗಿನದು ಕೆಂಪು ರೇಷ್ಮೆಯದು. ಒಂದರ ಎಳೆಯನ್ನು ಇನ್ನೊಂದರ ಎಳೆಗೆ ಕೊಂಡಿ ಹಾಕಿ ಜೋಡಿಸಬೇಕು. ಸೀರೆಯ ಅಗಲದಲ್ಲಿ ಎಷ್ಟು ಎಳೆಗಳಿವೆಯೋ ಅಷ್ಟೂ ಕೊಂಡಿಗಳನ್ನು ಕೈಯಿಂದಲೇ ಹಾಕಬೇಕು, ಒಂದು ತಪ್ಪಿದರೂ ಸೆರಗಿನ ಅಂಚಿನಲ್ಲಿ ಕಾಣಿಸುತ್ತದೆ. ಉಳಿದೆಡೆ ಒಮ್ಮೆ ಉದ್ದನೆಯ ಹಾಸು ಹೂಡಿದರೆ ಸೀರೆಯ ಹಿಂದೆ ಸೀರೆ ಇಳಿಯುತ್ತದೆ. ಇಳಕಲ್ಲಿನ ಕುಣಿಮಗ್ಗದಲ್ಲಿ ಆರು, ಎಂಟು ಅಥವಾ ಒಂಬತ್ತು ಗಜಕ್ಕೆ ಒಂದು ಹಾಸು, ಪ್ರತಿ ಸೀರೆಗೂ ಹೊಸದಾಗಿ ಕೊಂಡಿ. ಟೋಪ್‌ತೆನಿ ಸೆರಗು, ಚಿಕ್ಕಿಪರಾಸು ದಡಿ, ಗೋಮಿ ದಡಿ ಎಂದು ಅಂಗಡಿಯಲ್ಲಿ ಹೆಸರು ಹಿಡಿದು ಕೇಳುವವರಿಗೆ ಈ ಕೆಲಸ ಕಾಣುವುದಿಲ್ಲ. ಅದು ಮನೆಯೊಳಗೆ, ಬಹುಪಾಲು ಹೆಂಗಸರ ಕೈಯಲ್ಲಿ ಮುಗಿದಿರುತ್ತದೆ.

ಈ ಕಸುಬಿನ ಹಣದ ಲೆಕ್ಕವೂ ಹೀಗೆಯೇ ಒಂದೊಂದು ಸೀರೆಗೂ ಹೊಸದಾಗಿ ಶುರುವಾಗುತ್ತದೆ. ನೂಲು, ರೇಷ್ಮೆ, ಬಣ್ಣಕ್ಕೆ ಮೊದಲೇ ದುಡ್ಡು ಹಾಕಬೇಕು. ಸೀರೆ ಮಾರಾಟವಾಗಿ ದುಡ್ಡು ಕೈಸೇರುವುದು ತಿಂಗಳುಗಳ ನಂತರ. ನಡುವಿನ ಈ ಅವಧಿಯನ್ನು ತಲೆಮಾರುಗಳಿಂದ ತುಂಬಿದವನು ಸಾಹುಕಾರ. ನೂಲು ಕೊಡುವವನೂ ಅವನೇ, ಸೀರೆ ಒಯ್ಯುವವನೂ ಅವನೇ. ನೇಕಾರನಿಗೆ ಮಜೂರಿ, ಕಷ್ಟಕ್ಕೆ ಮುಂಗಡ. ಸಾಹುಕಾರನನ್ನು ಬೈಯುವುದು ಸುಲಭ. ಆದರೆ ಮಾಲು ಮಾರಾಟವಾಗದೆ ಉಳಿಯುವ ನಷ್ಟವನ್ನು ಹೊತ್ತುಕೊಂಡವನೂ, ಬಾಗಿಲಿಗೆ ಹೋದ ದಿನವೇ ಮುಂಗಡ ಎಣಿಸಿ ಕೊಟ್ಟವನೂ ಅವನೇ. ಅದಕ್ಕೆ ತೆತ್ತ ಬೆಲೆಯೆಂದರೆ, ನೇಕಾರ ತನ್ನ ಸೀರೆಗೆ ತಾನೇ ಮಾಲೀಕನಾಗದೆ ಉಳಿದದ್ದು.

ಸೀರೆಯೊಂದೇ ಅಲ್ಲ

1997ರಲ್ಲಿ ವಿಜಯಪುರದಿಂದ ಬೇರೆಯಾದ ಬಾಗಲಕೋಟೆ ಜಿಲ್ಲೆಯಲ್ಲಿ ಸಣ್ಣ ಉತ್ಪಾದಕರು ಹಲವು ಬಗೆಯವರು. ಗುಳೇದಗುಡ್ಡದಲ್ಲಿ ಕುಪ್ಪಸದ ಖಣ ನೇಯುವವರಿದ್ದಾರೆ. ಕಮತಗಿ, ಸೂಳೇಬಾವಿಗಳಲ್ಲೂ ಮಗ್ಗಗಳಿವೆ. ರಬಕವಿ-ಬನಹಟ್ಟಿಯಲ್ಲಿ ವಿದ್ಯುತ್ ಮಗ್ಗಗಳ ಸದ್ದು. ಇಳಕಲ್ ಸುತ್ತ ನಸುಗೆಂಪು ಗ್ರಾನೈಟ್ ಕೊಯ್ದು ಪಾಲಿಶ್ ಮಾಡುವ ಘಟಕಗಳು. ಹುನಗುಂದ ತಾಲ್ಲೂಕಿನ ಅಮೀನಗಡಕ್ಕೆ ಕರದಂಟಿನಿಂದ ಹೆಸರು. ಬಾದಾಮಿ ಬನಶಂಕರಿಯ ಗುಡಿಯ ಬಳಿ ಬುಟ್ಟಿ ತುಂಬ ಜೋಳದ ರೊಟ್ಟಿ ಇಟ್ಟುಕೊಂಡು ಕೂರುವ ತಾಯಂದಿರೂ ಉತ್ಪಾದಕರೇ. ಬನದ ಹುಣ್ಣಿಮೆಯ ಬನಶಂಕರಿ ಜಾತ್ರೆಯಲ್ಲಿ ನಾಟಕ ಕಂಪನಿಗಳ ಟೆಂಟಿನಷ್ಟೇ ಹೆಸರಾದದ್ದು ಕಟ್ಟಿಗೆಯ ಬಾಗಿಲು, ಚೌಕಟ್ಟುಗಳ ಸಂತೆ. ಮನೆ ಕಟ್ಟಿಸುವವರು ಜಾತ್ರೆ ಬರುವವರೆಗೆ ಕಾಯ್ದು ಅಲ್ಲೇ ಬಾಗಿಲು ಕೊಳ್ಳುತ್ತಾರೆ. ಆ ಬಡಗಿಗೆ ವರ್ಷದ ದೊಡ್ಡ ವ್ಯಾಪಾರ ಕೆಲವೇ ವಾರಗಳಲ್ಲಿ ಮುಗಿಯುತ್ತದೆ, ಕಟ್ಟಿಗೆಗೆ ದುಡ್ಡು ಹಾಕುವುದು ಮಾತ್ರ ಅದಕ್ಕೂ ಬಹಳ ಮೊದಲೇ.

ಕಾನೂನಿನ ಲೆಕ್ಕದಲ್ಲಿ ಇವರಲ್ಲಿ ಹೆಚ್ಚಿನವರು ಅತಿಸಣ್ಣ ಉದ್ದಿಮೆದಾರರು. 2025ರ ಏಪ್ರಿಲ್‌ನಿಂದ ಯಂತ್ರೋಪಕರಣದ ಹೂಡಿಕೆ ಎರಡೂವರೆ ಕೋಟಿ, ವಾರ್ಷಿಕ ವಹಿವಾಟು ಹತ್ತು ಕೋಟಿ ರೂಪಾಯಿ ಮೀರದಿದ್ದರೆ ಅದು ಅತಿಸಣ್ಣ ಉದ್ದಿಮೆ. ಗ್ರಾನೈಟ್ ಪಾಲಿಶ್ ಘಟಕವೂ ರೊಟ್ಟಿಯ ಒಲೆಯೂ ಒಂದೇ ಪಟ್ಟಿಯಲ್ಲಿ ಕೂತಿವೆ.

ಶುರು ಮಾಡುವವರಿಗೆ

ಹೊಸದಾಗಿ ಘಟಕ ಹಾಕುವವರು ಮೊದಲು ಹೋಗಬೇಕಾದ ಕಚೇರಿ ಜಿಲ್ಲಾ ಕೈಗಾರಿಕಾ ಕೇಂದ್ರ. 1978ರಲ್ಲಿ ದೇಶದಾದ್ಯಂತ ಜಿಲ್ಲೆಗೊಂದರಂತೆ ಇವನ್ನು ತೆರೆಯಲು ಹೊರಟಾಗ ಇದ್ದ ಆಲೋಚನೆ ಸರಳ: ಸಣ್ಣ ಉದ್ಯಮಿ ಹತ್ತು ಇಲಾಖೆಗೆ ಅಲೆಯುವ ಬದಲು ಒಂದೇ ಸೂರಿನಡಿ ಕೆಲಸ ಆಗಬೇಕು. ಅದಕ್ಕೂ ಮುಂಚೆಯೇ ಕರ್ನಾಟಕದಲ್ಲಿ ಸಾಲಕ್ಕೆ ರಾಜ್ಯ ಹಣಕಾಸು ಸಂಸ್ಥೆ (1959), ಕೈಗಾರಿಕಾ ವಸಾಹತು ಮತ್ತು ಶೆಡ್‌ಗಳಿಗೆ ಸಣ್ಣ ಕೈಗಾರಿಕೆಗಳ ಅಭಿವೃದ್ಧಿ ನಿಗಮ (1960) ಬಂದಿದ್ದವು. ತರಬೇತಿಗೆ 1982ರಲ್ಲಿ ಉಜಿರೆಯಲ್ಲಿ ಹುಟ್ಟಿದ ರುಡ್‌ಸೆಟ್ ಸಂಸ್ಥೆ ದೇಶಕ್ಕೇ ಮಾದರಿಯಾಯಿತು. ಇಂದು ಜಿಲ್ಲೆಗೊಂದರಂತೆ ಬ್ಯಾಂಕುಗಳು ನಡೆಸುವ ಆರ್‌ಸೆಟಿಗಳ ಮೂಲ ಅದೇ. ಧಾರವಾಡದ ಸಿಡಾಕ್ ಕೂಡ ಉದ್ಯಮಶೀಲತೆಯ ತರಬೇತಿ ಕೊಡುತ್ತದೆ. ಬಾಗಲಕೋಟೆಯ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜಿನಲ್ಲಿ ಹೊಸ ಉದ್ಯಮಿಗಳಿಗೆಂದೇ ವಿಜ್ಞಾನ-ತಂತ್ರಜ್ಞಾನ ಪಾರ್ಕ್ ಇದೆ.

ಜಿಲ್ಲಾ ಕೈಗಾರಿಕಾ ಕೇಂದ್ರದ ಮೂಲಕ ಬರುವ ದೊಡ್ಡ ಯೋಜನೆ ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ. ತಯಾರಿಕಾ ಘಟಕಕ್ಕೆ 50 ಲಕ್ಷ ರೂಪಾಯಿವರೆಗಿನ ಯೋಜನೆ ಹಾಕಬಹುದು. ಬಾದಾಮಿ ತಾಲ್ಲೂಕಿನ ಹಳ್ಳಿಯ ಮಹಿಳೆಯೊಬ್ಬರು ರೊಟ್ಟಿ ತಯಾರಿಕೆಗೆ 10 ಲಕ್ಷದ ಘಟಕ ಹಾಕುತ್ತಾರೆ ಎನ್ನಿ. ಮಹಿಳೆಯಾದ್ದರಿಂದ ಸ್ವಂತ ಪಾಲು ಶೇ 5, ಅಂದರೆ 50 ಸಾವಿರ. ಉಳಿದ ಒಂಬತ್ತೂವರೆ ಲಕ್ಷ ಬ್ಯಾಂಕ್ ಸಾಲ. ಹಳ್ಳಿಯಲ್ಲಿರುವುದರಿಂದ ಸಹಾಯಧನ ಶೇ 35, ಅಂದರೆ ಮೂರೂವರೆ ಲಕ್ಷ. ಇದೇ ಘಟಕವನ್ನು ಸಾಮಾನ್ಯ ವರ್ಗದ ಪುರುಷರೊಬ್ಬರು ಪಟ್ಟಣದಲ್ಲಿ ಹಾಕಿದರೆ ಸಹಾಯಧನ ಶೇ 15ಕ್ಕೆ ಇಳಿಯುತ್ತದೆ.

ಹೆಚ್ಚಿನವರು ಎಡವುವುದು ಇಲ್ಲಿ. ಆ ಮೂರೂವರೆ ಲಕ್ಷ ಕೈಗೆ ಬರುವ ದುಡ್ಡಲ್ಲ. ಅದು ಬ್ಯಾಂಕಿನಲ್ಲೇ ಮೂರು ವರ್ಷ ಠೇವಣಿಯಾಗಿ ಇರುತ್ತದೆ. ಠೇವಣಿಗೆ ಬಡ್ಡಿ ಇಲ್ಲ, ಅಷ್ಟು ಮೊತ್ತದ ಸಾಲಕ್ಕೂ ಬಡ್ಡಿ ಇಲ್ಲ. ಮೂರು ವರ್ಷದ ನಂತರ ಘಟಕ ನಡೆಯುತ್ತಿದೆಯೇ ಎಂದು ಪರಿಶೀಲಿಸಿ ಸಾಲಕ್ಕೆ ಜಮೆ ಮಾಡುತ್ತಾರೆ. ಚೆನ್ನಾಗಿ ನಡೆದ ಘಟಕಕ್ಕೆ ಒಂದು ಕೋಟಿಯವರೆಗೆ ಎರಡನೇ ಸಾಲದ ಅವಕಾಶವೂ ಇದೆ. ಸಬ್ಸಿಡಿ ಬರುತ್ತದೆ ಎಂದು ನಂಬಿ ಯಂತ್ರ ತಂದು, ಜೋಳಕ್ಕೂ ಪ್ಯಾಕಿಂಗಿಗೂ ಕೈಸಾಲ ಮಾಡಿದವರು ಮೊದಲ ವರ್ಷದಲ್ಲೇ ಸುಸ್ತಾಗುತ್ತಾರೆ.

ಇನ್ನೊಂದು ಮಾತು: ಹತ್ತು ಲಕ್ಷದವರೆಗಿನ ಸಣ್ಣ ಉದ್ದಿಮೆ ಸಾಲಕ್ಕೆ ಬ್ಯಾಂಕುಗಳು ಅಡಮಾನ ಕೇಳಬಾರದು ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಹೊಲದ ಉತಾರ ತನ್ನಿ ಎಂದರೆ ಈ ನಿಯಮವನ್ನು ನೆನಪಿಸಬಹುದು.

ಈಗಾಗಲೇ ನಡೆಸುತ್ತಿರುವವರಿಗೆ

ಮೇಲಿನ ಯೋಜನೆ ಹೊಸ ಘಟಕಗಳಿಗೆ ಮಾತ್ರ. ಇಪ್ಪತ್ತು ವರ್ಷದಿಂದ ಕರದಂಟು ಮಾಡುತ್ತಿರುವವರಿಗೆ ಹೊಂದುವುದು 2020ರಲ್ಲಿ ಬಂದ ಕಿರು ಆಹಾರ ಸಂಸ್ಕರಣೆ ಯೋಜನೆ, ಜನರ ಬಾಯಲ್ಲಿ ಪಿಎಂಎಫ್‌ಎಂಇ. ಇದರಲ್ಲಿ ಶೇ 35ರ ಸಹಾಯಧನಕ್ಕೆ ಕರ್ನಾಟಕ ಸರ್ಕಾರ ಶೇ 15 ಸೇರಿಸಿದ್ದರಿಂದ ಒಟ್ಟು ಅರ್ಧದಷ್ಟು, ಗರಿಷ್ಠ 15 ಲಕ್ಷ ಸಿಗುತ್ತದೆ. ಅರ್ಜಿ, ಯೋಜನಾ ವರದಿ ಬರೆದುಕೊಡಲು ಜಿಲ್ಲಾ ಸಂಪನ್ಮೂಲ ವ್ಯಕ್ತಿಗಳಿದ್ದಾರೆ. ಸ್ವಸಹಾಯ ಸಂಘದ ಸದಸ್ಯೆಗೆ ತಲಾ 40 ಸಾವಿರದವರೆಗೆ ಬೀಜಧನ ಉಂಟು, ಅದನ್ನು ದುಡಿಮೆಯ ಬಂಡವಾಳಕ್ಕೂ ಬಳಸಬಹುದು. ಸಣ್ಣ ಮೊತ್ತವಾದರೂ ಈ ಯೋಜನೆಯ ಜಾಣತನ ಇರುವುದು ಅಲ್ಲೇ.

ಬನಶಂಕರಿ ಜಾತ್ರೆಗೆ ಬಾಗಿಲು ಮಾಡುವ ಬಡಗಿ, ಇಳಕಲ್ಲಿನ ಕಲ್ಲುಕುಟಿಗ 2023ರ ವಿಶ್ವಕರ್ಮ ಯೋಜನೆಗೆ ಬರುತ್ತಾರೆ. 15 ಸಾವಿರದ ಉಪಕರಣ ಕಿಟ್, ಶೇ 5ರ ಬಡ್ಡಿಗೆ ಮೊದಲು ಒಂದು ಲಕ್ಷ, ತೀರಿಸಿದರೆ ಎರಡು ಲಕ್ಷ ಸಾಲ. ಈ ಯೋಜನೆಯ 18 ಕಸುಬುಗಳ ಪಟ್ಟಿಯಲ್ಲಿ ಸೀರೆ ನೇಯುವವನಿಲ್ಲ. ನೇಕಾರನಿಗೆ ಬೇರೆಯೇ ದಾರಿ: ಶೇ 6ರ ಬಡ್ಡಿಯ ನೇಕಾರ ಮುದ್ರಾ ಸಾಲ, ರಾಷ್ಟ್ರೀಯ ಕೈಮಗ್ಗ ನಿಗಮದ ಮೂಲಕ ನೂಲಿಗೆ ಶೇ 15ರ ರಿಯಾಯಿತಿ, ರಾಜ್ಯದ ನೇಕಾರ ಸಮ್ಮಾನ್. 1975ರಲ್ಲಿ ಸ್ಥಾಪನೆಯಾದ, ಹುಬ್ಬಳ್ಳಿಯ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮ ನೂಲು ಕೊಟ್ಟು, ಮಜೂರಿ ಕೊಟ್ಟು, ಬಟ್ಟೆಯನ್ನು ಪ್ರಿಯದರ್ಶಿನಿ ಮಳಿಗೆಗಳಲ್ಲಿ ಮಾರುತ್ತದೆ. ಸಾಹುಕಾರನ ಕೆಲಸವನ್ನೇ ಸರ್ಕಾರ ಕೈಗೆತ್ತಿಕೊಂಡ ಹಾಗೆ.

ಸಾಹುಕಾರನಿಗೆ ಪರ್ಯಾಯ ಹುಡುಕುವ ಯತ್ನ ಈ ಸೀಮೆಗೆ ಹೊಸದಲ್ಲ. ಪಕ್ಕದ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ದನಗೌಡ ಪಾಟೀಲರು ಕೃಷಿ ಸಹಕಾರ ಸಂಘ ಕಟ್ಟಿದ್ದರು. ನೇಕಾರರ ಸಹಕಾರ ಸಂಘಗಳು ಅದೇ ಹಾದಿಯವು. ನೂಲನ್ನು ಒಟ್ಟಿಗೆ ಕೊಂಡು, ಸೀರೆ ಮಾರುವವರೆಗೆ ಕಾಯುವ ಶಕ್ತಿ ಒಬ್ಬನಿಗಿಲ್ಲದಿದ್ದರೂ ಸಂಘಕ್ಕೆ ಇರಬಲ್ಲದು ಎಂಬುದೇ ಅವುಗಳ ತಳಹದಿ.

ಹೆಸರು ಮತ್ತು ಬಾಕಿ

ಇಳಕಲ್ ಸೀರೆಗೂ ಗುಳೇದಗುಡ್ಡ ಖಣಕ್ಕೂ ಭೌಗೋಳಿಕ ಸೂಚ್ಯಂಕ ಸಿಕ್ಕಿದೆ. ಆದರೂ ಅಗ್ಗದ ನಕಲು ನಿಂತಿಲ್ಲ. ಆ ಹೆಸರನ್ನು ಹಕ್ಕಿನಿಂದ ಬಳಸಲು ನೇಕಾರ ತಾನೇ ಅಧಿಕೃತ ಬಳಕೆದಾರನಾಗಿ ನೋಂದಾಯಿಸಿಕೊಳ್ಳಬೇಕು. ಊರಿಗೆ ಹೆಸರು ಸಿಕ್ಕ ಮಾತ್ರಕ್ಕೆ ಮನೆಗೆ ಹಕ್ಕು ಬರುವುದಿಲ್ಲ.

ಬಾಕಿಯ ವಿಷಯದಲ್ಲೂ ಹಾಗೆಯೇ. 2006ರ ಸಣ್ಣ ಉದ್ದಿಮೆಗಳ ಕಾಯ್ದೆ ಪ್ರಕಾರ ಅತಿಸಣ್ಣ, ಸಣ್ಣ ತಯಾರಕರ ಮಾಲು ಕೊಂಡವರು ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ದೂರು ಕೇಳಲು ರಾಜ್ಯದಲ್ಲಿ ಸೌಲಭ್ಯ ಮಂಡಳಿ ಇದೆ. ಆದರೆ ಇದು ದಕ್ಕಬೇಕಾದರೆ ಉದ್ಯಮ್ ನೋಂದಣಿ ಇರಬೇಕು, ಬಿಲ್ಲು ಇರಬೇಕು. ನೋಂದಣಿಗೆ ಶುಲ್ಕವಿಲ್ಲ. ಬಾಯಿಮಾತಿನಲ್ಲಿ ಮಾಲು ಕೊಟ್ಟವರು ಈ ಕಾಯ್ದೆಯ ಹೊರಗೇ ಉಳಿಯುತ್ತಾರೆ.

ಯೋಜನೆಗಳ ಈ ಸಾಲನ್ನು ಒಟ್ಟಿಗೆ ನೋಡಿದರೆ ಒಂದು ವಿಷಯ ಸ್ಪಷ್ಟ. ಶೆಡ್ಡು, ಯಂತ್ರ, ಮಗ್ಗಕ್ಕೆ ಬೆಂಬಲ ಧಾರಾಳ. ನೂಲು ಕೊಂಡ ದಿನದಿಂದ ದುಡ್ಡು ಬರುವ ದಿನದವರೆಗಿನ ಖರ್ಚಿಗೆ ಅದು ತೆಳ್ಳಗಾಗುತ್ತದೆ. ಹಾಗಾಗಿ ಘಟಕ ಹಾಕುವವರು ಯೋಜನಾ ವರದಿಯಲ್ಲಿ ಯಂತ್ರದ ಕೊಟೇಶನ್ ಅಂಟಿಸಿ ಸುಮ್ಮನಾಗದೆ, ಕನಿಷ್ಠ ಆರು ತಿಂಗಳ ಕಚ್ಚಾಮಾಲು, ಕೂಲಿ, ಬಾಕಿಯ ಲೆಕ್ಕವನ್ನೂ ಸೇರಿಸಿ, ದುಡಿಮೆಯ ಬಂಡವಾಳಕ್ಕೆ ಸಾಲದ ಮಿತಿಯನ್ನು ಬ್ಯಾಂಕಿನಲ್ಲಿ ಕೇಳಿ ಪಡೆಯಬೇಕು. ಅಧಿಕಾರಿಗಳೂ ಈ ವರ್ಷ ಎಷ್ಟು ಘಟಕ ಮಂಜೂರಾದವು ಎಂದು ಹೇಳುವ ಸಭೆಯಲ್ಲೇ, ಮೂರು ವರ್ಷದ ಹಿಂದೆ ಮಂಜೂರಾದವುಗಳಲ್ಲಿ ಇಂದಿಗೂ ಬಾಗಿಲು ತೆರೆದಿರುವುದು ಎಷ್ಟು ಎಂಬುದನ್ನೂ ಜಿಲ್ಲೆಯ ಮುಂದಿಡಬೇಕು. ಬೆಂಬಲ ಎಷ್ಟು ದೂರ ಬಂತು ಎಂಬುದನ್ನು ಹೇಳುವುದು ಆ ಎರಡನೆಯ ಸಂಖ್ಯೆಯೇ.